ಮಾಳಿಗೆ ಬಿಚ್ಚಿದ ನಾಲ್ವರು

ಧ್ಯಾನಭಾಗ: ಮಾರ್ಕ 2:1–12, 2 ಸಮುವೇಲ 9

ಅಬ್ಬಿಗೇರಿಯಲ್ಲೂ ನರೇಗಲ್ಲಿನ ಕಡೆಯ ಊರುಗಳಲ್ಲೂ ಮನೆಮನೆಯಲ್ಲಿ ಕೂಡಿ ಪ್ರಾರ್ಥಿಸುವ ದೇವರ ಮಕ್ಕಳೇ, ಕಪೆರ್ನೌಮಿನಲ್ಲಿ ಯೇಸು ಬೋಧಿಸುತ್ತಿದ್ದ ಆ ಮನೆಯ ವೃತ್ತಾಂತವನ್ನು ಪಟ್ಟಣದವರಿಗೆ ಹೇಳುವಾಗ ಮಾಳಿಗೆ ಎಂದರೇನು, ಅದನ್ನು ಅಗೆಯುವುದೆಂದರೇನು ಎಂದು ಬಿಡಿಸಿ ಹೇಳಬೇಕಾಗುತ್ತದೆ. ನಿಮಗೆ ಹೇಳಬೇಕಿಲ್ಲ. ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆ, ಕಟ್ಟಿಗೆಯ ಮೇಲೆ ಮೇಲ್ಮುದ್ದೆ, ಮಳೆಗಾಲಕ್ಕೆ ಮುಂಚೆ ಸವಳು ಮಣ್ಣು ಹಾಕಿ ತುಳಿದ ಮಾಳಿಗೆ. ಅಂಥ ಮಾಳಿಗೆಯ ಕೆಳಗೇ ನಿಮ್ಮಲ್ಲಿ ಎಷ್ಟೋ ಜನ ಹುಟ್ಟಿದವರು. ಅದನ್ನು ಅಗೆದರೆ ಕೆಳಗೆ ಕೂತವರ ತಲೆಯ ಮೇಲೆ ಎಷ್ಟು ಮಣ್ಣು ಉದುರುತ್ತದೆ, ಮನೆಯ ಯಜಮಾನ ಎಷ್ಟು ಕೂಗಾಡುತ್ತಾನೆ ಎಂಬುದು ನಿಮಗೆ ಗೊತ್ತು. ನಾಲ್ವರು ಆ ಮಣ್ಣನ್ನು ಅಗೆದರು. ನಡೆಯಲಾರದ ಒಬ್ಬನನ್ನು ಹಾಸಿಗೆಯ ಸಮೇತ ಹೊತ್ತು ತಂದವರು, ಬಾಗಿಲಲ್ಲಿ ಜನ ದಾರಿ ಬಿಡದಿದ್ದಾಗ ಮರಳಿ ಹೋಗದೆ ಮೇಲೆ ಹತ್ತಿದರು. ಆಮೇಲೆ ಆ ಮಾಳಿಗೆಯನ್ನು ಯಾರು ಮುಚ್ಚಿಸಿಕೊಟ್ಟರೋ ಸುವಾರ್ತೆ ಹೇಳುವುದಿಲ್ಲ. ಹೇಳಿದ್ದರೆ ಚೆನ್ನಾಗಿತ್ತೆಂದು ನನಗೆ ಆಗಾಗ ಅನಿಸುತ್ತದೆ. ಆದರೆ ಒಂದು ಮಾತನ್ನು ಅದು ಸ್ಪಷ್ಟವಾಗಿ ಹೇಳುತ್ತದೆ. ಯೇಸು ನೋಡಿದ್ದು ಅವರ ನಂಬಿಕೆಯನ್ನು. ಮಲಗಿದ್ದವನು ಆ ಕಥೆಯಲ್ಲಿ ತುಟಿ ಬಿಚ್ಚುವುದೇ ಇಲ್ಲ. ಹೊತ್ತವರ ನಂಬಿಕೆಯನ್ನು ನೋಡಿ ಕರ್ತನು ಹೊರಿಸಿಕೊಂಡವನಿಗೆ ಮಾತಾಡಿದನು.

ಪ್ರಿಯರೇ, ನಮ್ಮ ಮನೆಗಳಲ್ಲೂ ಹೊರಿಸಿಕೊಂಡೇ ಇರುವ ಮಕ್ಕಳಿದ್ದಾರೆ. ಹುಟ್ಟುವ ಹೊತ್ತಿಗೆ ಉಸಿರು ಕಟ್ಟಿ ಮೆದುಳಿಗೆ ಪೆಟ್ಟಾದ ಮಕ್ಕಳು, ದಿನ ತುಂಬದೆ ಹುಟ್ಟಿದ ಮಕ್ಕಳು, ಹುಟ್ಟಿದ ವಾರದಲ್ಲೇ ಕಾಮಾಲೆ ತಲೆಗೇರಿದ ಮಕ್ಕಳು, ಮೆದುಳು ಜ್ವರದಿಂದ ಬದುಕಿ ಉಳಿದ ಮಕ್ಕಳು. ಕೆಲವರ ಕಾಲು ಕತ್ತರಿಯಂತೆ ಒಂದರ ಮೇಲೊಂದು ಬಿಗಿಯುತ್ತವೆ. ಡಾಕ್ಟರು ಅದಕ್ಕೆ ಸೆರೆಬ್ರಲ್ ಪಾಲ್ಸಿ ಎನ್ನುತ್ತಾರೆ. ಡೌನ್ ಸಿಂಡ್ರೋಮ್ ಇರುವ ಕೂಸಿನ ಮೈ ಮೆತ್ತಗಿದ್ದು ಎತ್ತಿಕೊಂಡರೆ ಕೈಯಿಂದ ಜಾರುತ್ತದೆ. ಇನ್ನು ಕೆಲವರು ಓಡುತ್ತಾರೆ, ಜಿಗಿಯುತ್ತಾರೆ, ಆದರೆ ಅಂಗಿಯ ಗುಂಡಿ ಹಾಕಲು ಬೆರಳು ಬಗ್ಗವು, ಶಾಲೆಯಲ್ಲಿ ಬಳಪ ಹಿಡಿಯಲು ಬಾರದು. ಇಂಥ ಮಗು ಒಂದು ಮನೆಯಲ್ಲಿ ಹುಟ್ಟಿತೆಂದರೆ ಓಣಿಯಲ್ಲಿ ಮೊದಲು ಏಳುವ ಪ್ರಶ್ನೆ ಯಾವುದು? ಯಾರು ಮಾಡಿದ ಪಾಪ ಇದು? ಸೊಸೆಯ ಕಾಲ್ಗುಣವೇ, ತಂದೆಯ ಕರ್ಮವೇ, ಅಜ್ಜ ಯಾರಿಗೋ ಮಾಡಿದ ಅನ್ಯಾಯವೇ? ಶಿಷ್ಯರೂ ಹುಟ್ಟುಗುರುಡನನ್ನು ನೋಡಿ ಇದನ್ನೇ ಕೇಳಿದರು. ಕರ್ತನು ಇಲ್ಲವೆಂದನು. ಇವನದೂ ಅಲ್ಲ, ಇವನ ತಂದೆತಾಯಿಗಳದೂ ಅಲ್ಲ ಎಂದು ಆ ಪ್ರಶ್ನೆಯ ಬಾಗಿಲನ್ನೇ ಮುಚ್ಚಿದನು. ಎರಡು ಸಾವಿರ ವರ್ಷದಿಂದ ಅವನು ಮುಚ್ಚಿದ ಬಾಗಿಲನ್ನು ನಾವು ಪುನಃ ಪುನಃ ತಟ್ಟುತ್ತಿದ್ದೇವೆ.

ಪಾಪ ಇಲ್ಲವೆಂದು ನಾನು ಹೇಳುತ್ತಿಲ್ಲ. ಪಾಪ ಇದೆ, ಪಾಪ ನಿಜ, ಪಾಪ ನಮ್ಮ ಮನೆಯಲ್ಲೇ ಇದೆ. ಮಗುವಿನ ಕಾಲಿನಲ್ಲಿ ಮಾತ್ರ ಇಲ್ಲ. ಮದುವೆಗೆ ನೆಂಟರು ಬಂದಾಗ ಮಗುವನ್ನು ಒಳಕೋಣೆಯಲ್ಲಿ ಮಲಗಿಸಿ ಅಗಳಿ ಹಾಕುವುದು ಪಾಪ. ಕುಂಟ, ಮೂಗ, ಹುಚ್ಚ ಎಂದು ದೇವರ ರೂಪಕ್ಕೆ ಹೆಸರಿಡುವುದು ಪಾಪ. ಹೆತ್ತವಳನ್ನು ತವರಿಗೆ ಅಟ್ಟುವುದು ಪಾಪ. ಇವನಿಂದ ಇನ್ನೇನೂ ಆಗದು ಎಂದು ದೇವರಿಗಿಂತ ಮುಂಚೆ ತೀರ್ಪು ಕೊಡುವುದು ಪಾಪ. 2019ರ ಡಿಸೆಂಬರ್ 26ರಂದು ಸೂರ್ಯಗ್ರಹಣದ ಹೊತ್ತಿನಲ್ಲಿ ಕಲಬುರಗಿ ಬಳಿಯ ತಾಜ್‌ಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತರು. ಗ್ರಹಣದ ಹೊತ್ತಿನ ಮಣ್ಣು ಕೈಕಾಲಿಗೆ ಬಲ ಕೊಡುತ್ತದೆಂಬ ನಂಬಿಕೆ. ಆ ತಂದೆತಾಯಿಗಳನ್ನು ಕಲ್ಲೆದೆಯವರೆನ್ನಲು ನನಗೆ ನಾಲಿಗೆ ಬಾರದು. ಬೇರೆ ದಾರಿ ತೋರಿಸುವವರಿಲ್ಲದಾಗ ಹೆತ್ತ ಕರುಳು ಸಿಕ್ಕಿದ್ದನ್ನು ಹಿಡಿಯುತ್ತದೆ. ಹಾಗೆಂದು ನಾವು ಬೀಗಬೇಕಿಲ್ಲ, ನಮ್ಮವರ ಮಾತೂ ಇದೆ. ದೊಡ್ಡ ಪೆಂಡಾಲು ಹಾಕಿ, ಮೈಕು ಹಿಡಿದು, ಮಗುವನ್ನು ವೇದಿಕೆಗೆ ಹೊರಿಸಿ ತಂದು, ನಡೆ ಎಂದು ಅಬ್ಬರಿಸಿ, ಅದು ನಡೆಯದಿದ್ದಾಗ ನಿಮ್ಮ ನಂಬಿಕೆ ಸಾಲದು ಎಂದು ತಾಯಿಯ ತಲೆಗೆ ಕಟ್ಟುವ ಬೋಧಕರಿದ್ದಾರೆ. ಮೂರ್ಛೆ ರೋಗದ ಮಾತ್ರೆ ಬಿಡಿಸಿ ಮಗುವನ್ನು ಸಾವಿನ ಬಾಯಿಗೆ ತಳ್ಳುವವರೂ ಇದ್ದಾರೆ. ನಾನು ಪ್ರಾರ್ಥನೆಯನ್ನು ನಂಬುತ್ತೇನೆ, ಸ್ವಸ್ಥತೆಯನ್ನು ನಂಬುತ್ತೇನೆ, ನಿಮ್ಮ ಮಕ್ಕಳ ತಲೆಯ ಮೇಲೆ ಕೈಯಿಟ್ಟು ಕಣ್ಣೀರಿನಿಂದ ಬೇಡುತ್ತೇನೆ. ಆದರೆ ತಾಯಿಯ ಮೇಲೆ ಭಾರ ಹೊರಿಸುವ ಬೋಧನೆ ಕರ್ತನಿಂದ ಬಂದದ್ದಲ್ಲ. ಅವನು ಭಾರ ಹೊರುವವನು.

ಅವನು ಹೇಗೆ ಹೊತ್ತನೆಂದು ಒಂದು ಕ್ಷಣ ನೋಡಿರಿ. ವಾಕ್ಯವು ಶರೀರಧಾರಿಯಾಯಿತೆಂದು ಕ್ರಿಸ್ಮಸ್ಸಿನಲ್ಲಿ ಹಾಡುತ್ತೇವೆ, ಹಾಡಿ ಕರ್ಜಿಕಾಯಿ ತಿಂದು ಮರೆಯುತ್ತೇವೆ. ಶರೀರಧಾರಿಯಾದನೆಂದರೆ ಕುತ್ತಿಗೆ ನಿಲ್ಲದ ಕೂಸಾಗಿ ಬಂದನು. ಆಕಾಶವನ್ನು ಹರಡಿದ ಕೈ ತಾಯಿಯ ಸೆರಗನ್ನು ಹಿಡಿಯಲು ಕಲಿಯಿತು. ಸಮುದ್ರದ ಮೇಲೆ ನಡೆದ ಕಾಲು ಮೊದಲು ಎಡವಿ ಬಿದ್ದು ನಡೆಯಲು ಕಲಿಯಿತು. ಬಡಗಿಯ ಮನೆಯ ಕೂಸು ಉಳಿ ಹಿಡಿಯುವುದಕ್ಕೆ ವರ್ಷಗಳೇ ಬೇಕಾದವು. ಕಲಿಯಬೇಕಾದ ದೇಹವನ್ನು ದೇವರು ತೊಟ್ಟುಕೊಂಡನು. ಆದ್ದರಿಂದ ಒಂದು ಮಗು ತಲೆ ಎತ್ತಲು ಹೆಣಗುವಾಗ ಅಲ್ಲಿ ನಡೆಯುವುದು ಸಣ್ಣ ಕೆಲಸವೆಂದು ನಾವು ತಿಳಿಯಬಾರದು, ಅದಕ್ಕೆ ಕೈ ಕೊಡುವವಳ ಕೆಲಸ ಆರಾಧನೆಗಿಂತ ಕಡಿಮೆಯದೆಂದೂ ತಿಳಿಯಬಾರದು.

ದೇಹ ಕಲಿಯುವುದಕ್ಕೆ ಒಂದು ಕ್ರಮ ಇದೆ, ಸೃಷ್ಟಿಕರ್ತನು ಇಟ್ಟ ಕ್ರಮ. ಕುತ್ತಿಗೆ ನಿಲ್ಲದೆ ಬೆನ್ನು ನಿಲ್ಲದು. ಬೆನ್ನು ನಿಲ್ಲದೆ ಕೈಗೆ ಬಿಡುವಿಲ್ಲ. ಹೆಗಲು ಗಟ್ಟಿಯಾಗದೆ ಬೆರಳಿಗೆ ಸೂಕ್ಷ್ಮ ಬಾರದು. ಕೂಸು ಸಾಮಾನ್ಯವಾಗಿ ಮೂರ್ನಾಲ್ಕು ತಿಂಗಳಿಗೆ ಕುತ್ತಿಗೆ ನಿಲ್ಲಿಸುತ್ತದೆ, ಆರರಿಂದ ಎಂಟು ತಿಂಗಳೊಳಗೆ ಕೂಡುತ್ತದೆ, ವರ್ಷದ ಆಚೀಚೆ ಹೆಜ್ಜೆ ಹಾಕುತ್ತದೆ. ಒಂದೂವರೆ ವರ್ಷವಾದರೂ ನಡೆಯದಿದ್ದರೆ, ಐದಾರು ತಿಂಗಳಾದರೂ ಕುತ್ತಿಗೆ ವಾಲಿದರೆ, ತಡವಾಗಿ ಬರತೈತಿ ಬಿಡು ಎಂದು ಕೂಡಬೇಡಿರಿ. ಅಂಗನವಾಡಿ ಟೀಚರಿಗೆ, ಆಶಾ ಕಾರ್ಯಕರ್ತೆಗೆ ಅಂದೇ ಹೇಳಿರಿ. ಎಳೆಯ ಮೆದುಳಿನ ಒಂದು ಭಾಗಕ್ಕೆ ಪೆಟ್ಟಾದರೂ ಉಳಿದ ಭಾಗ ಕಲಿಯಬಲ್ಲದು. ಹೊಲದಲ್ಲಿ ಜನ ತುಳಿದು ತುಳಿದು ಕಾಲುದಾರಿ ಬೀಳುವ ಹಾಗೆ, ಮಾಡಿದ ಚಲನೆಯನ್ನೇ ಮತ್ತೆ ಮತ್ತೆ ಮಾಡಿದಾಗ ಮೆದುಳಿನಲ್ಲಿ ದಾರಿ ಬೀಳುತ್ತದೆ. ಮೊದಲ ವರ್ಷಗಳಲ್ಲಿ ಆ ದಾರಿ ಬೇಗ ಬೀಳುತ್ತದೆ, ಆಮೇಲೆ ನಿಧಾನ. ಅಷ್ಟೇ ವ್ಯತ್ಯಾಸ. ನಿಂತುಹೋಗುವುದಿಲ್ಲ.

ಈ ಕಲಿಕೆಗೆ ಬೆಂಗಳೂರಿಗೇ ಹೋಗಬೇಕೆಂದು ಹೆದರಬೇಡಿರಿ. ಸ್ವತಃ ಪೋಲಿಯೊ ಪೀಡಿತೆಯಾಗಿದ್ದ ಎನ್‌.ಎಸ್. ಹೇಮಾ ಎಂಬ ತಾಯಿ 1959ರಲ್ಲಿ ಬೆಂಗಳೂರಿನಲ್ಲಿ ಅಂಗವಿಕಲರ ಸಂಸ್ಥೆ ಕಟ್ಟಿದರು, ಮುಂದೆ ಅದೇ ನಗರದಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ ಹುಟ್ಟಿತು. ಅಂಥ ಕಡೆಗಳಲ್ಲಿ ಪಳಗಿದ ವಿದ್ಯೆಯಲ್ಲಿ ಬಹುಪಾಲನ್ನು ಮಣ್ಣಿನ ಮನೆಯಲ್ಲೂ ಮಾಡಬಹುದು. ಕಾಲು ಬಿಗಿಯುವ ಕೂಸನ್ನು ನಮ್ಮ ಅವ್ವಂದಿರು ಟೊಂಕದ ಮೇಲೆ, ಎರಡು ಕಾಲು ಆಚೀಚೆ ಬರುವಂತೆ ಕೂಡಿಸಿಕೊಳ್ಳುತ್ತಾರಲ್ಲ, ಫಿಜಿಯೋಥೆರಪಿಸ್ಟರು ಹೇಳಿಕೊಡುವುದೂ ಅದನ್ನೇ. ಎರಡು ಗೋಡೆ ಕೂಡುವ ಮೂಲೆಯಲ್ಲಿ ದಿಂಬು ಕೊಟ್ಟು ಕೂಡಿಸಿ, ಮುಂದೆ ಒಂದು ಮಣೆ ಇಟ್ಟರೆ ಬೆನ್ನಿಗೆ ಆಸರೆಯಾಗಿ ಕೈಗೆ ಆಟ ಸಿಗುತ್ತದೆ. ಅಂಗಳದಲ್ಲಿ ಗೂಟ ಹೂಡಿ, ಮಗುವಿನ ಟೊಂಕದ ಎತ್ತರಕ್ಕೆ ಎರಡು ಬಿದಿರ ಗಳ ಕಟ್ಟಿದರೆ ನಿಂತು ಹೆಜ್ಜೆ ಹಾಕುವ ಕಲಿಕೆಗೆ ಅದಕ್ಕಿಂತ ಹೆಚ್ಚಿನದು ಬೇಡ. ಬಿಗಿದ ಕೈಕಾಲನ್ನು ಜಗ್ಗಬೇಡಿರಿ, ಎಣ್ಣೆ ಹಚ್ಚಿ ಜೋರಾಗಿ ತಿಕ್ಕಬೇಡಿರಿ. ಮೆಲ್ಲಗೆ ಚಾಚಿ ಹಿಡಿಯುವುದನ್ನು ತಿಳಿದವರಿಂದ ಒಮ್ಮೆ ಕಲಿತುಕೊಳ್ಳಿರಿ. ಪಂಚಮಿಗೆ ಊರೆಲ್ಲ ಜೋಕಾಲಿ ಕಟ್ಟುವಾಗ ಈ ಮಗುವನ್ನು ತೊಡೆಯ ಮೇಲೆ ಕೂಡಿಸಿಕೊಂಡು ಜೀಕಿರಿ, ತೂಗುವಾಗ ಮೈ ತನ್ನ ತೂಕವನ್ನು ಅರಿಯುತ್ತದೆ. ಮಣ್ಣೆತ್ತಿನ ಅಮಾವಾಸ್ಯೆಗೆ ಓಣಿಯ ಹುಡುಗರು ಎರಿ ಮಣ್ಣು ನಾದಿ ಎತ್ತು ಮಾಡುವಾಗ ಇವನ ಕೈಗೂ ಒಂದು ಮುದ್ದೆ ಕೊಡಿಸಿರಿ. ನೆರೆಯವರ ಹಬ್ಬವೆಂದು ಸಂಕೋಚ ಬೇಡ, ಮಣ್ಣು ದೇವರದು.

ನಮ್ಮ ಸೀಮೆಯ ಒಂದು ಮನೆಯಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ಏಳು ವರ್ಷದ ಹುಡುಗ, ಎರಡು ಕೈಯೂ ಮುಷ್ಟಿ, ಹೆಬ್ಬೆರಳು ಒಳಗೆ ಸಿಕ್ಕಿಕೊಂಡಿರುತ್ತದೆ. ಅಮ್ಮ ರೊಟ್ಟಿ ಬಡಿಯುತ್ತಿದ್ದಳು. ಅಜ್ಜಿ ಹುಡುಗನನ್ನು ಮೂಲೆಯಲ್ಲಿ ಕೂಡಿಸಿಕೊಂಡು ಮುಷ್ಟಿಯನ್ನು ಬಲವಂತದಿಂದ ಬಿಡಿಸಲಿಲ್ಲ. ಮಣಿಕಟ್ಟನ್ನು ಸ್ವಲ್ಪ ಬಗ್ಗಿಸಿ, ಕಿರುಬೆರಳಿನ ಕಡೆಯಿಂದ ಕೈಯ ಬೆನ್ನನ್ನು ಸವರಿದಳು. ಒಂದೊಂದೇ ಬೆರಳು ತಾನಾಗಿ ಬಿಚ್ಚಿತು. ಬಿಚ್ಚಿದ ಅಂಗೈಯಲ್ಲಿ ನಿಂಬೆಹಣ್ಣಿನಷ್ಟು ಜೋಳದ ಹಿಟ್ಟು ಇಟ್ಟಳು. ಅವನು ಒತ್ತಿದ. ಹಿಟ್ಟು ಬಿತ್ತು. ಅಜ್ಜಿ ಎತ್ತಿ ಇಟ್ಟಳು, ಮತ್ತೆ ಬಿತ್ತು, ಮತ್ತೆ ಇಟ್ಟಳು. ಕಡೆಗೆ ನಾಲ್ಕು ಬೆರಳಿನ ಗುರುತು ಮೂಡಿದ ಒಂದು ಸೊಟ್ಟ ಚಕ್ಕೆ ಆಯಿತು. ಅಮ್ಮ ಅದನ್ನು ತನ್ನ ರೊಟ್ಟಿಯ ಪಕ್ಕದಲ್ಲೇ ಹಂಚಿನ ಮೇಲೆ ಹಾಕಿದಳು. “ಅವನ ರೊಟ್ಟಿ ಅವನ ಬಡದಾನ ನೋಡ್ರಿ ಅಯ್ಯನವರ,” ಎಂದಳು ಅಜ್ಜಿ. ಉಣ್ಣುವ ಚಮಚದ ಹಿಡಿಗೆ ಹಳೆಯ ಸೈಕಲ್ ಟ್ಯೂಬು ಸುತ್ತಿದ್ದರು, ದಪ್ಪಗಿದ್ದರೆ ಮುಷ್ಟಿಗೆ ಹಿಡಿತ ಸಿಗುತ್ತದೆಂದು. ಆ ಚಮಚದಿಂದ ಅವನು ತುಂಬ ಹೊತ್ತು ಉಂಡ, ಅರ್ಧ ಅನ್ನ ಚಾಪೆಯ ಮೇಲಿತ್ತು, ಯಾರೂ ಅವಸರ ಮಾಡಲಿಲ್ಲ.

ಯಾರೂ ಅವಸರ ಮಾಡಲಿಲ್ಲ. ತಾಯಂದಿರೇ, ಇಲ್ಲಿ ನಿಮಗೊಂದು ಕಠಿಣ ಮಾತು ಹೇಳುತ್ತೇನೆ, ಪ್ರೀತಿಯಿಂದಲೇ ಹೇಳುತ್ತೇನೆ. ಬಚ್ಚಿಡುವ ಪಾಪವನ್ನು ಎಲ್ಲರೂ ಗುರುತಿಸುತ್ತಾರೆ. ಪ್ರೀತಿಯ ವೇಷದಲ್ಲಿ ಬರುವ ಅವಸರವನ್ನು ಯಾರೂ ಗುರುತಿಸುವುದಿಲ್ಲ. “ಅವನಿಂದ ಆಗೂದಿಲ್ರಿ, ಹೊತ್ತಾಗತೈತಿ,” ಎಂದು ನೀವೇ ಉಣಿಸುತ್ತೀರಿ, ನೀವೇ ಅಂಗಿ ತೊಡಿಸುತ್ತೀರಿ, ನೀವೇ ಎತ್ತಿ ಒಯ್ಯುತ್ತೀರಿ. ಕಳೆ ತೆಗೆಯಲು ಹೊಲಕ್ಕೆ ಹೋಗಬೇಕು, ನೀರು ತುಂಬಬೇಕು, ದನಕ್ಕೆ ಮೇವು ಹಾಕಬೇಕು. ನಿಮ್ಮ ಹೊತ್ತಿನ ಬೆಲೆ ನನಗೆ ಗೊತ್ತು. ಆದರೂ ದಿನಕ್ಕೆ ಒಂದು ತುತ್ತು ಅವನೇ ಎತ್ತಲಿ, ಒಂದು ಗುಂಡಿ ಅವನೇ ಹಾಕಲಿ, ನಾಲ್ಕು ಶೇಂಗಾ ಅವನೇ ಸುಲಿಯಲಿ. ದೇವರು ನಮ್ಮೊಂದಿಗೆ ಹಾಗೆಯೇ ನಡೆದುಕೊಂಡಿದ್ದಾನಲ್ಲವೇ? ನಮ್ಮ ಕೈಯಿಂದ ಬಿದ್ದದ್ದನ್ನು ಎತ್ತಿ ಎತ್ತಿ ಇಟ್ಟಿದ್ದಾನೆ, ನಮ್ಮ ಸೊಟ್ಟ ಕೆಲಸವನ್ನು ತಿರಸ್ಕರಿಸದೆ ಸ್ವೀಕರಿಸಿದ್ದಾನೆ, ನಾವು ಕಲಿಯುವವರೆಗೆ ಕಾದಿದ್ದಾನೆ. ಕೃಪೆಗೆ ಅವಸರವಿಲ್ಲ. ಕೈಬತ್ತಿದವನನ್ನು ಸಭಾಮಂದಿರದ ನಡುವೆ ನಿಲ್ಲಿಸಿ, ಕೈ ಚಾಚು ಎಂದು ಕರ್ತನು ಹೇಳಿದನು. ಚಾಚುವ ಕೆಲಸವನ್ನು ಅವನಿಗೇ ಬಿಟ್ಟನು. ದೇವಾಲಯದ ಬಾಗಿಲಲ್ಲಿ ಹುಟ್ಟುಕುಂಟನನ್ನು ಪೇತ್ರನು ಬಲಗೈ ಹಿಡಿದು ಎತ್ತಿದನು. ಕೈ ಹಿಡಿಯುವುದೂ ಬೇಕು, ಕೈ ಬಿಡುವುದೂ ಬೇಕು, ಯಾವಾಗ ಯಾವುದೆಂಬ ವಿವೇಕಕ್ಕಾಗಿ ದಿನಾಲು ಪ್ರಾರ್ಥಿಸಿರಿ.

ನಮ್ಮ ಜಿಲ್ಲೆಗೆ ಈ ವಿಷಯದಲ್ಲಿ ಒಂದು ದೊಡ್ಡ ಸಾಕ್ಷಿ ಇದೆ, ಅದು ನಮ್ಮ ಸಭೆಯೊಳಗಿನದಲ್ಲವೆಂದು ನಾನು ಮುಚ್ಚಿಡುವವನಲ್ಲ. 1892ರಲ್ಲಿ ಹಾನಗಲ್ ಕಡೆಯ ಕಾಡಶೆಟ್ಟಿಹಳ್ಳಿಯಲ್ಲಿ ಕಣ್ಣಿಲ್ಲದೆ ಹುಟ್ಟಿದ ಬಾಲಕನನ್ನು ಹಾನಗಲ್ಲ ಕುಮಾರಸ್ವಾಮಿಗಳು ಕರೆದೊಯ್ದು ಸಂಗೀತ ಕಲಿಯಲು ಹಚ್ಚಿದರು. ಆತ ಪಂಚಾಕ್ಷರಿ ಗವಾಯಿಗಳಾಗಿ ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ಕಟ್ಟಿದರು. ಅವರ ಶಿಷ್ಯ ಪುಟ್ಟರಾಜ ಗವಾಯಿಗಳೂ ಅಂಧರೇ. ಹಾರ್ಮೋನಿಯಂ, ತಬಲಾ, ಪಿಟೀಲು ಎಲ್ಲದರ ಮೇಲೂ ಅವರ ಬೆರಳು ಓಡುತ್ತಿತ್ತು. 2010ರಲ್ಲಿ ಪದ್ಮಭೂಷಣ ಬಂತು, ಅದೇ ವರ್ಷ ತೀರಿಕೊಂಡರು. ಕಣ್ಣು ಕಾಣದ ಗುರು ಕಣ್ಣು ಕಾಣದ ಮಗುವಿನ ಬೆರಳು ಹಿಡಿದು ಹಾರ್ಮೋನಿಯಮ್ಮಿನ ಮನೆಗಳ ಮೇಲೆ ಇರಿಸುವುದನ್ನು ಊಹಿಸಿಕೊಳ್ಳಿರಿ. ನೋಡಿ ಕಲಿಯುವ ಹಾಗಿಲ್ಲ, ತೋರಿಸಿ ಕಲಿಸುವ ಹಾಗಿಲ್ಲ, ಮುಟ್ಟಿ ಕಲಿಸಿದರು. ಭಿಕ್ಷೆ ಬೇಡುವುದೊಂದೇ ಗತಿ ಎಂದು ಲೋಕ ಬಿಟ್ಟುಬಿಟ್ಟಿದ್ದ ಕೈಗಳು ನಾಡಿಗೆ ನಾದ ಕೊಟ್ಟವು. ತನ್ನವರಲ್ಲದ ಒಳ್ಳೆಯ ಸಮಾರ್ಯದವನನ್ನು ಹೊಗಳಿದ ಕರ್ತನ ಶಿಷ್ಯರು ನಾವು. 1841ರಲ್ಲಿ ನಮ್ಮ ಹಿರಿಯರ ಕಾಲದ ಬಾಸೆಲ್ ಮಿಶನ್ನಿನವರು ಬೆಟಗೇರಿಗೆ ಬಂದ ಮೇಲೆ ಮಗ್ಗವನ್ನೂ ಶಾಲೆಯನ್ನೂ ಔಷಧವನ್ನೂ ಸುವಾರ್ತೆಯಿಂದ ಬೇರೆ ಮಾಡಲಾರದವರಾಗಿದ್ದರು ಎಂಬುದನ್ನೂ ನೆನೆಯೋಣ, ನೆನೆದು ಇಂದಿನ ನಮ್ಮನ್ನು ಅದರ ಪಕ್ಕ ಇಟ್ಟು ನೋಡಿಕೊಳ್ಳೋಣ.

ಈಗ ದಾವೀದನ ಗೆಳೆಯ ಯೋನಾತಾನನ ಮಗ ಮೆಫೀಬೋಶೆತನ ಬಳಿಗೆ ಬನ್ನಿರಿ. ಐದು ವರ್ಷದ ಕೂಸಾಗಿದ್ದಾಗ ದಾದಿ ಎತ್ತಿಕೊಂಡು ಓಡುವಾಗ ಬಿದ್ದು ಎರಡೂ ಕಾಲು ಕುಂಟಾದವು. ಯಾರ ಪಾಪ? ಯಾರದೂ ಅಲ್ಲ, ಯುದ್ಧದ ದಿನ, ಹೆದರಿದ ಹೆಂಗಸು, ಜಾರಿದ ಕೈ. ಅವನು ಲೋದೆಬಾರಿನಲ್ಲಿ ಮತ್ತೊಬ್ಬರ ಮನೆಯಲ್ಲಿ ಕಣ್ಮರೆಯಾಗಿ ದೊಡ್ಡವನಾದನು. ದಾವೀದ ಅರಸನು ಯೋನಾತಾನನ ಸ್ನೇಹಕ್ಕಾಗಿ ಅವನನ್ನು ಹುಡುಕಿಸಿ, ಕರೆಸಿ, ತನ್ನ ಮಕ್ಕಳಲ್ಲಿ ಒಬ್ಬನಂತೆ ತನ್ನ ಮೇಜಿನಲ್ಲಿ ನಿತ್ಯ ಕೂಡಿಸಿಕೊಂಡನು. ಆ ಅಧ್ಯಾಯದ ಕಡೆಯ ಮಾತು ಏನು ಗೊತ್ತೇ? ಅವನ ಕಾಲುಗಳೆರಡೂ ಕುಂಟಾಗಿಯೇ ಇದ್ದವು ಎಂಬುದು. ಕಪೆರ್ನೌಮಿನವನು ಎದ್ದು ಹಾಸಿಗೆ ಹೊತ್ತು ನಡೆದನು, ಮೆಫೀಬೋಶೆತನು ನಡೆಯಲಿಲ್ಲ. ಇಬ್ಬರನ್ನೂ ಕೃಪೆಯೇ ಮುಟ್ಟಿತು. “ಅಯ್ಯನವರ, ನನ್ನ ಮಗಾ ಎಂದರ ನಡಿತಾನೇನ್ರಿ?” ಎಂದು ಕೇಳುವ ತಾಯಿಗೆ ನಾನು ಸುಳ್ಳು ಭರವಸೆ ಕೊಡಲಾರೆ. ಕೆಲವರು ನಡೆಯುತ್ತಾರೆ, ಕೆಲವರು ಕೋಲು ಹಿಡಿದು ನಡೆಯುತ್ತಾರೆ, ಕೆಲವರು ಗಾಲಿಕುರ್ಚಿಯಲ್ಲೇ ಇರುತ್ತಾರೆ. ಆದರೆ ನೆಲದಲ್ಲಿ ಮಲಗಿದ್ದವನು ಎದ್ದು ಕೂತರೆ ಲೋಕವೇ ಬದಲಾಗಿ ಕಾಣುತ್ತದೆ: ಉಣ್ಣುವವರ ಮುಖ ಕಾಣುತ್ತದೆ, ಬಾಗಿಲಲ್ಲಿ ಬಂದವರು ಕಾಣುತ್ತಾರೆ, ಪಂಕ್ತಿಯಲ್ಲಿ ತನ್ನದೊಂದು ಜಾಗ ಕಾಣುತ್ತದೆ. ಮೇಜಿಗೆ ಬರುವಷ್ಟು ಬೆನ್ನು ಗಟ್ಟಿಯಾಗಲಿ ಎಂದು ದುಡಿಯೋಣ. ಬೆನ್ನು ಗಟ್ಟಿಯಾಗದಿದ್ದರೆ ಮೇಜನ್ನೇ ಅವನಿದ್ದಲ್ಲಿಗೆ ತರೋಣ.

ಹಾಗಾದರೆ ಏನು ಮಾಡಬೇಕು, ಸಹೋದರರೇ? ಮೊದಲು ಕಾನೂನು ನಿಮ್ಮ ಪಕ್ಕದಲ್ಲಿದೆಯೆಂದು ತಿಳಿಯಿರಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ನ್ಯೂನತೆಗಳನ್ನು ಗುರುತಿಸಿದೆ. ಶೇ 40ಕ್ಕಿಂತ ಕಡಿಮೆಯಿಲ್ಲದ ನ್ಯೂನತೆಯಿರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ ಹಕ್ಕು, ಯಾರ ದಯೆಯೂ ಅಲ್ಲ. ಗ್ರಾಮ ಪಂಚಾಯಿತಿಯಲ್ಲಿ ಪುನರ್ವಸತಿ ಕಾರ್ಯಕರ್ತರನ್ನು ಕೇಳಿರಿ, ವಿ.ಆರ್.ಡಬ್ಲ್ಯೂ ಎಂದರೆ ಎಲ್ಲರಿಗೂ ತಿಳಿಯುತ್ತದೆ, ವಿಕಲಚೇತನರ ಗುರುತಿನ ಚೀಟಿಯಾದ ಯು.ಡಿ.ಐ.ಡಿ. ಕಾರ್ಡು ಮಾಡಿಸಲು ಅವರೇ ದಾರಿ. ರೋಣದ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ, ಅಂದರೆ ಬಿ.ಆರ್.ಸಿ.ಯಲ್ಲಿ, ವಿಶೇಷ ಅಗತ್ಯವುಳ್ಳ ಮಕ್ಕಳ ಶಿಕ್ಷಕರನ್ನು ವಿಚಾರಿಸಿರಿ. ಶಾಲೆಗೆ ಬರಲಾಗದ ಮಗುವಿಗೆ ಮನೆಯಲ್ಲೇ ಕಲಿಸುವ ಏರ್ಪಾಡೂ ಇದೆ. ಅವರು ತಾವಾಗಿ ಬರಲಿಲ್ಲವೆಂದು ಗೊಣಗುತ್ತ ಕೂಡುವ ಬದಲು ಹೋಗಿ ಕೇಳಿರಿ, ಮತ್ತೆ ಹೋಗಿ ಮತ್ತೆ ಕೇಳಿರಿ. ನ್ಯಾಯಾಧಿಪತಿಯನ್ನು ಕಾಡಿದ ವಿಧವೆಯನ್ನು ಕರ್ತನು ಮೆಚ್ಚಿದ್ದು ಇದಕ್ಕಾಗಿಯೇ.

ಕಡೆಯದಾಗಿ ಗಂಡಸರಿಗೆ. ಹಾಸಿಗೆ ಹೊತ್ತವರು ನಾಲ್ವರೆಂದು ಮಾರ್ಕನು ಲೆಕ್ಕ ಕೊಟ್ಟಿದ್ದಾನೆ. ನಮ್ಮ ಸೀಮೆಯಲ್ಲಿ ಹೊರುವವಳು ಒಬ್ಬಳೇ, ಅವಳು ಅವ್ವ. ಮಗು ಹತ್ತು ವರ್ಷದ್ದಾಗಿ ತೂಕ ಹೆಚ್ಚಿದಾಗ ಅವಳ ಬೆನ್ನು ಹೋಗುತ್ತದೆ, ಅಲ್ಲಿಗೆ ಮಗುವಿನ ಹೊರಗಿನ ಲೋಕವೂ ಮುಚ್ಚುತ್ತದೆ. ಮಳೆಗಾಲದಲ್ಲಿ ನಮ್ಮ ಎರಿ ಮಣ್ಣಿನಲ್ಲಿ ಗಾಲಿಕುರ್ಚಿಯ ಚಕ್ರ ಹೂತು ನಿಂತಾಗ ಅದನ್ನು ಎತ್ತುವುದಕ್ಕೆ ಹೆಂಗಸರ ತೋಳು ಸಾಲದು. ಕಟ್ಟೆಯ ಮೇಲೆ ಕೂತಿರುವ ಅಣ್ಣಂದಿರೇ, ಏಳಿರಿ. ತಂದೆಯಾದವನು ವಾರಕ್ಕೊಂದು ದಿನ ಹೊಲದ ಕೆಲಸ ಬಿಟ್ಟು ಮಗುವನ್ನು ರೋಣಕ್ಕೋ ಗದಗಿಗೋ ತಾನೇ ಎತ್ತಿಕೊಂಡು ಹೋಗಲಿ, ಅಲ್ಲಿ ತೋರಿಸಿದ ವ್ಯಾಯಾಮವನ್ನು ತಾನೇ ಕಲಿತು ಬಂದು ತಾನೇ ಮಾಡಿಸಲಿ. ತಂದೆ ಇಲ್ಲದ ಮನೆಗೆ ಸಭೆಯ ಯುವಕರು ಹೋಗಲಿ. ನಾವು ಪ್ರಾರ್ಥನೆಗೆ ಕೂಡುವ ಮನೆಗಳ ಹೊಸ್ತಿಲಿಗೆ ಕಲ್ಲು ಮಣ್ಣು ಹಾಕಿ ಇಳಿಜಾರು ಮಾಡುವ ಕೆಲಸ ಒಂದು ಮಧ್ಯಾಹ್ನದ್ದು. ಮುಂದಿನ ಭಾನುವಾರದೊಳಗೆ ಅದು ಆಗಬೇಕು, ಬುಟ್ಟಿ ಸಲಿಕೆ ಯಾರ ಮನೆಯಲ್ಲಿವೆಯೋ ಅವರು ಶನಿವಾರ ತನ್ನಿರಿ, ನಾನೂ ಬರುತ್ತೇನೆ. ಕರ್ತನ ಭೋಜನದ ದಿನ ಈ ಮಕ್ಕಳೆಲ್ಲ ಮುಂದಿನ ಸಾಲಿನಲ್ಲಿರಲಿ. ರೊಟ್ಟಿ ಯಾರ ಕೈಯಿಂದಲಾದರೂ ಬಿದ್ದರೆ ನಾವು ಎತ್ತಿ ಕೊಡುತ್ತೇವೆ. ಆಮೆನ್.